ಅಪ್‌ಡೇಟ್: ದಾಂಡೇಲಿಗೆ ಹೋಗಿ ಬಂದೆವು

ಬೆಂಗಳೂರಿನಿಂದ ಕಾರಿನಲ್ಲಿ ನಾಲ್ಕು ದಿನ, ಮಕ್ಕಳಿಗೆ ಕಾಡುಪ್ರಾಣಿ ತೋರಿಸಬೇಕು, ರಾಫ್ಟಿಂಗೂ ಬೇಕು, ಎಲ್ಲಿಗೆ ಹೋಗಲಿ ಎಂದು ಕೇಳಿದ್ದೆ. ದಾಂಡೇಲಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿ ಮೇಲೆ ಹೋದೆವು.

ಸಫಾರಿಯಲ್ಲಿ ಹುಲಿ ಕಾಣಲಿಲ್ಲ, ಕಾಟಿ, ಜಿಂಕೆ ಸಿಕ್ಕವು. ಆದರೆ ಹಕ್ಕಿಗಳು! ಬೆಳಿಗ್ಗೆ ಆರೂವರೆಗೆ ಟಿಂಬರ್ ಡಿಪೋ ಹತ್ತಿರ ಸುಮ್ನೆ ನಿಂತಿದ್ದೆವು. ಮಂಗಟ್ಟೆಗಳ (ಹಾರ್ನ್‌ಬಿಲ್) ಹಿಂಡೇ ಬಂತು. ಅವು ಹಾರುವಾಗ ರೆಕ್ಕೆಯ ಸದ್ದು ಎಷ್ಟು ಜೋರು ಅಂದರೆ, ತಲೆ ಎತ್ತುವ ಮುಂಚೆಯೇ ಗೊತ್ತಾಗುತ್ತದೆ. ಮಗಳು ಅರ್ಧ ಗಂಟೆ ಮಾತೇ ಆಡಲಿಲ್ಲ.

ಗಣೇಶಗುಡಿಯ ರಾಫ್ಟಿಂಗ್‌ಗೆ ಫೋನ್ ಮಾಡಿಯೇ ಹೋಗಿ. ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ನಮಗೆ ಮೊದಲ ದಿನ ಆಗಲಿಲ್ಲ, ಮರುದಿನ ಸಿಕ್ಕಿತು. ಅದಕ್ಕೇ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.