ಸಹಾಯ ಬೇಕು: ಒಂದೇ ಕಂಪ್ಯೂಟರಿನಲ್ಲಿ ಕೆವಿಎಂ ಮತ್ತು ವರ್ಚುವಲ್‌ಬಾಕ್ಸ್

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯ ಬಳಿ ನಮ್ಮ ಕಾಫಿ ತೋಟದ ಕಚೇರಿಯಲ್ಲಿರುವ ಒಂದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಕಡತಗಳ ಸರ್ವರ್ ಕೆವಿಎಂ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ, ಲಿನಕ್ಸಿನಲ್ಲೇ ಇರುವ ವ್ಯವಸ್ಥೆ) ಮೇಲೆಯೂ, ಕಾರ್ಮಿಕರ ಬಟವಾಡೆ ಲೆಕ್ಕವಿರುವ ಹಳೆಯ ವಿಂಡೋಸ್ 7 ವರ್ಚುವಲ್‌ಬಾಕ್ಸ್ (ಅದೇ ಕೆಲಸದ ಬೇರೊಂದು ತಂತ್ರಾಂಶ) ಮೇಲೆಯೂ ನಡೆಯುತ್ತಿದ್ದವು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ತೆರೆಯುತ್ತಿದ್ದೆ.

ಲಿನಕ್ಸಿನ ತಿರುಳಾದ ಕರ್ನಲ್ 6.12ಕ್ಕೆ ಬಂದ ಮೇಲೆ, ಕೆವಿಎಂನಲ್ಲಿ ಏನೂ ಚಾಲನೆಯಲ್ಲಿ ಇಲ್ಲದಿದ್ದರೂ, ವರ್ಚುವಲ್‌ಬಾಕ್ಸ್ ‘ವಿಎಂಎಕ್ಸ್ ರೂಟ್ ಮೋಡ್’ ದೋಷ ತೋರಿಸಿ ನಿಂತುಬಿಡುತ್ತದೆ. ಈ ಆವೃತ್ತಿಯಿಂದ ಕೆವಿಎಂ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಣುಕು) ಲೋಡ್ ಆದ ಕೂಡಲೇ, ಇಂಥ ಒಳಕಂಪ್ಯೂಟರುಗಳನ್ನು ನಡೆಸಲು ನೆರವಾಗುವ ಪ್ರೊಸೆಸರಿನ ವಿಟಿ-ಎಕ್ಸ್ ಸೌಲಭ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದೇ ಕಾರಣವೆಂದು ತಿಳಿದು, ಆ ಮಾಡ್ಯೂಲನ್ನು ಕೈಯಾರೆ ತೆಗೆದೆ, ವಿಂಡೋಸ್ ತೆರೆಯಿತು. ಆದರೆ ಮಳೆಗಾಲದಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಕಂಪ್ಯೂಟರ್ ಮತ್ತೆ ಶುರುವಾದಾಗಲೆಲ್ಲ ಮಾಡ್ಯೂಲ್ ತಾನಾಗಿ ಬಂದು ಕೂರುತ್ತದೆ. ಶನಿವಾರ ಬಟವಾಡೆಗೆ ಜನ ವರಾಂಡದಲ್ಲಿ ಕಾಯುತ್ತಿರುವಾಗ ನಾನು ಟರ್ಮಿನಲ್ ಮುಂದೆ ಕುಳಿತಿರುತ್ತೇನೆ.

ಕಂಪ್ಯೂಟರ್ ಶುರುವಾಗುವಾಗ ಕರ್ನಲ್‌ಗೆ ಕೊಡುವ ಬೂಟ್ ಸಾಲಿನಲ್ಲಿ ಕೆವಿಎಂನ ‘ಎನೇಬಲ್ ವರ್ಟ್ ಅಟ್ ಲೋಡ್’ ಆಯ್ಕೆಯನ್ನು 0 ಮಾಡಿದರೆ ಹಳೆಯ ರೀತಿ ಮರಳುತ್ತದೆ ಎಂದು ಓದಿದ್ದೇನೆ. ನನಗೆ ಸ್ಪಷ್ಟವಾಗದಿರುವುದು ಇಷ್ಟೇ: ಹಾಗೆ ಮಾಡಿದರೆ ಎರಡೂ ಏಕಕಾಲದಲ್ಲಿ ಓಡುತ್ತವೆಯೇ ಅಥವಾ ಮೊದಲಿನಂತೆ ಸರದಿಯಲ್ಲಿ ಮಾತ್ರವೇ? ಸರದಿಯಲ್ಲಿ ಮಾತ್ರ ಎಂದಾದರೆ, ವಿಡಿಐ ಡಿಸ್ಕನ್ನು (ವರ್ಚುವಲ್‌ಬಾಕ್ಸಿನ ಡಿಸ್ಕ್ ಕಡತ) ಕೆವಿಎಂಗೆ ಬದಲಿಸಿಕೊಂಡವರು, ವಿಂಡೋಸ್ 7 ಬೂಟ್ ಆಗಲು ಡಿಸ್ಕನ್ನು ಸಾಟಾ (ಸಾಮಾನ್ಯ ಡಿಸ್ಕ್ ಜೋಡಣೆ) ಎಂದು ಇಡಬೇಕೇ, ವರ್ಟಿಯೋ (ಒಳಕಂಪ್ಯೂಟರುಗಳಿಗೆಂದೇ ಮಾಡಿದ ಜೋಡಣೆ) ಎಂದು ಇಡಬೇಕೇ ಎಂಬುದನ್ನು ದಯವಿಟ್ಟು ತಿಳಿಸುವಿರಾ?