ಅಪ್‌ಡೇಟ್: ಅಂಬಾಸಡರ್ ಕೂಲಂಟ್ ಸೋರಿಕೆ ಕೊನೆಗೂ ಸಿಕ್ಕಿತು

ನನ್ನ ಹಳೇ ಅಂಬಾಸಡರ್‌ನಲ್ಲಿ (1489 ಸಿಸಿ ಪೆಟ್ರೋಲ್ ಎಂಜಿನ್) ಹೋಸ್, ವಾಟರ್ ಪಂಪ್ ಎರಡನ್ನೂ ಬದಲಾಯಿಸಿದರೂ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗುತ್ತಿದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ ಅಂತ ಕೇಳಿದ್ದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಇರಬಹುದು ಅಂತ ಹಲವರು ಹೇಳಿದ್ದಿರಿ. ಅದಲ್ಲ. ರೇಡಿಯೇಟರ್‌ನಲ್ಲಿ ಗುಳ್ಳೆ ಬರಲಿಲ್ಲ, ಆಯಿಲ್ ಕೂಡ ಶುದ್ಧವಾಗಿತ್ತು.

ಪ್ರೆಶರ್ ಟೆಸ್ಟ್ (ರೇಡಿಯೇಟರ್‌ಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ನೋಡೋದು) ಮಾಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಎಂಜಿನ್ ತಣ್ಣಗಿದ್ದಾಗ ಒತ್ತಡ ಇಳಿಯಲೇ ಇಲ್ಲ. ಯುವಿ ಡೈ (ಯುವಿ ಬೆಳಕಲ್ಲಿ ಹೊಳೆಯುವ ಬಣ್ಣ) ಹಾಕಿ, ಎಂಜಿನ್ ಬಿಸಿ ಮಾಡಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ಬ್ಲಾಕ್‌ನ ಪಕ್ಕದ ಒಂದು ಕೋರ್ ಪ್ಲಗ್ (ಬ್ಲಾಕ್‌ನ ತೂತು ಮುಚ್ಚುವ ಲೋಹದ ಬಿಲ್ಲೆ) ಅಂಚಿನಲ್ಲಿ ತೆಳ್ಳಗೆ ಹಸಿರು ಗೆರೆ ಹೊಳೆಯಿತು! ಬಿಸಿಯಾದಾಗ ಮಾತ್ರ ಜಿನುಗಿ, ಬ್ಲಾಕ್ ಮೇಲೇ ಆವಿಯಾಗುತ್ತಿತ್ತು. ಇನ್ನು ನೆಲಕ್ಕೆ ಬೀಳೋದೆಲ್ಲಿ, ಅಲ್ವಾ?

ಪ್ಲಗ್ ತೆಗೆದರೆ ಒಳಗಡೆ ತುಕ್ಕು ತಿಂದು ಕಾಗದದಷ್ಟು ತೆಳ್ಳಗಾಗಿತ್ತು. ಅದರ ಹಿಂಭಾಗದಲ್ಲಿ ಜಾಸ್ತಿ ತುಕ್ಕಿನ ಕೆಸರು. ಪಕ್ಕದ ಪ್ಲಗ್‌ಗಳನ್ನೂ ತೆಗೆಸಿದೆ, ಒಂದು ಹೋದರೆ ಉಳಿದವೂ ದೂರವಿರಲ್ಲ. ಬ್ಲಾಕ್ ಚೆನ್ನಾಗಿ ತೊಳೆದು, ಕೂರುವ ಜಾಗ ಉಜ್ಜಿ, ಸೀಲಂಟ್ ಹಚ್ಚಿ ಹಿತ್ತಾಳೆ ಪ್ಲಗ್ ಕೂರಿಸಿದೆವು. ಹಿತ್ತಾಳೆಗೆ ತುಕ್ಕು ಹಿಡಿಯಲ್ಲ. ಈಗ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಘಾಟಿ ಹತ್ತಿಸಿ ಬಂದೆ, ಮಟ್ಟ ಹಾಗೇ ಇದೆ.