ವಸಂತನರಸಾಪುರದ 6000 ಚದರಡಿ ಶೆಡ್‌ಗೆ ಡಕ್ಟ್ (ಗಾಳಿ ಸಾಗಿಸುವ ಶೀಟ್ ಕೊಳವೆ) ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ಕಬ್ಬಿಣದ_ಕೆಲಸ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. 60 ಅಡಿ ಅಗಲ, 100 ಅಡಿ ಉದ್ದ, ಎತ್ತರ ಸರಾಸರಿ 22 ಅಡಿ. ಕೆಳಗಿನ ಐದಡಿ ಬ್ಲಾಕ್ ಗೋಡೆ ಬಿಟ್ಟರೆ ಸುತ್ತ, ಮೇಲೆ ಎಲ್ಲಾ ಶೀಟೇ. ಒಳಗೆ ಎಂಟು ಮಿಗ್ (ಗ್ಯಾಸ್ ಬಿಟ್ಟು ತಂತಿಯಿಂದ ಬೆಸೆಯುವ) ವೆಲ್ಡಿಂಗ್ ಬೇ, ಅಂದರೆ ವೆಲ್ಡರ್ ನಿಲ್ಲುವ ಜಾಗ, ಒಂದು ಮೂಲೆಯಲ್ಲಿ ಗ್ರೈಂಡಿಂಗ್, ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್, ಹಿಂದುಗಡೆ ಗ್ಯಾಸ್‌ನಲ್ಲಿ ಓಡುವ ಪೌಡರ್ ಕೋಟಿಂಗ್ ಓವನ್. 5 ಟನ್ ಇಒಟಿ ಕ್ರೇನ್ (ತಲೆ ಮೇಲಿನ ಹಳಿಯಲ್ಲಿ ಓಡುವ ಕ್ರೇನ್) ಉದ್ದಕ್ಕೂ ಓಡಾಡುತ್ತದೆ.

ಮಾರ್ಚ್ ಬಂತು ಅಂದರೆ ಮಧ್ಯಾಹ್ನ ಹನ್ನೆರಡರ ಮೇಲೆ ಒಳಗೆ ನಿಲ್ಲೋದೇ ಕಷ್ಟ. ಹುಡುಗರು ಜಾಕೆಟ್ ತೆಗೆದಿಟ್ಟು ವೆಲ್ಡಿಂಗ್ ಮಾಡುತ್ತಾರೆ, ಬೈದರೂ ಕೇಳಲ್ಲ, ಅವರದೂ ತಪ್ಪಲ್ಲ ಬಿಡಿ. ಒಬ್ಬ ಕಂಟ್ರಾಕ್ಟರ್ ಬಂದು ನೋಡಿ 60 ಟನ್ ಡಕ್ಟಬಲ್ ಎಸಿ ಹಾಕಿ, ಟ್ರಸ್ (ಛಾವಣಿ ಹೊರುವ ಕಬ್ಬಿಣದ ಚೌಕಟ್ಟು) ಕೆಳಗೆ ಡಕ್ಟ್ ಎಳೆಯೋಣ ಅಂದ. ರೇಟ್ ಕೇಳಿ ತಲೆ ತಿರುಗಿತು. ಇನ್ನೊಬ್ಬ ನಾಲ್ಕು ದೊಡ್ಡ ಕೂಲರ್ ಸಾಕು ಅನ್ನುತ್ತಾನೆ. ಕೆನಡಾದಲ್ಲಿರುವ ಭಾವಮೈದುನ ಫೋನಿನಲ್ಲಿ, ಅದೇ ಡಕ್ಟಿನಲ್ಲಿ ಹೀಟರ್ ಕಾಯಿಲ್ ಕೂಡ ಕೂರಿಸಿಬಿಡಿ, ಚಳಿಗಾಲಕ್ಕೂ ಆಗುತ್ತದೆ ಅಂದ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಏಳರ ಶಿಫ್ಟಿಗೆ ಬರುವವರಿಗೆ ಚಳಿ ಇರೋದು ನಿಜ. ಓವನ್ ಬಿಸಿ ಸುಮ್ನೆ ಹೊರಗೆ ಹೋಗುತ್ತಿದೆ, ಅದನ್ನೇ ಡಕ್ಟ್ ಮಾಡಿ ಒಳಗೆ ಬಿಡಬಹುದಾ?

ಇಂಥ ಶೆಡ್‌ನಲ್ಲಿ ನಿಜವಾಗಿ ಮಾಡಿಸಿದವರು ಹೇಳಿ.

ಡಕ್ಟ್_ಮೇಸ್ತ್ರಿ:

ಸರ್, ಮೊದಲು ಹೀಟರ್ ವಿಷಯ ಮುಗಿಸಿಬಿಡೋಣ. ನಿಮಗೆ ಬೇಡ. ನಮ್ಮ ಕಡೆ ಚಳಿಗಾಲದ ಬೆಳಗ್ಗೆ 15-16 ಡಿಗ್ರಿ ಇರುತ್ತದೆ, ಒಂಬತ್ತೂವರೆ ಹತ್ತಕ್ಕೆಲ್ಲಾ ಬಿಸಿಲು ಶೀಟ್ ಮೇಲೆ ಬಿದ್ದು ಶೆಡ್ ತಾನೇ ಬೆಚ್ಚಗಾಗುತ್ತದೆ. ಕೆನಡಾದಲ್ಲಿ ಹಿಮ ಬೀಳುತ್ತದೆ, ಅಲ್ಲಿ ಅದು ಸರಿ. ಓವನ್ ಗಾಳಿಯನ್ನಂತೂ ಒಳಗೆ ಬಿಡಲೇಬೇಡಿ. ಬರ್ನರ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಪೌಡರ್ ಬೇಯುವಾಗ ಬರುವ ಹೊಗೆ ಬೇರೆ. ಓವನ್ ಬಾಗಿಲ ಮೇಲೆ ಒಂದು ಹುಡ್ ಹಾಕಿ ಬಿಸಿಯನ್ನು ನೇರ ಹೊರಗೆ ಕಳಿಸಿ. ಬೇಸಿಗೆಯಲ್ಲಿ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ಈಗ ತಂಪಿನ ಮಾತು. ಡಕ್ಟ್ ಡ್ರಾಯಿಂಗ್ ಹಾಕೋಕೆ ಮುಂಚೆ ಮೇಲೆ ತಲೆ ಎತ್ತಿ ನೋಡಿ. ಏಪ್ರಿಲ್ ಮಧ್ಯಾಹ್ನ ಆ ಶೀಟ್ ಕಾದ ಹಂಚಿನ ಥರ ಇರುತ್ತದೆ, ಅದರ ಕೆಳಗೆ ಎಷ್ಟು ತಣ್ಣನೆ ಗಾಳಿ ಬಿಟ್ಟರೂ ತಲೆ ಮೇಲೆ ಧಗೆ ಹೊಡೆಯುತ್ತಲೇ ಇರುತ್ತದೆ. ಹೊರಗಡೆ ಬಿಳಿ ಕೂಲ್ ರೂಫ್ ಪೇಂಟ್, ಇಲ್ಲವೇ ಒಳಗಡೆ ಫಾಯಿಲ್ ಇರುವ ಇನ್ಸುಲೇಶನ್, ಎರಡರಲ್ಲಿ ಒಂದಾದರೂ ಮೊದಲು ಆಗಲಿ. ಆಮೇಲೆ ಬೇಕಾದ್ರೆ ಮೆಷಿನ್ ಕೊಳ್ಳಿ.

ಎಸಿ ನಿಮ್ಮ ಕೆಲಸಕ್ಕೆ ಆಗಿಬರಲ್ಲ. ಎಸಿ ಅಂದರೆ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡೋದು. ನಿಮ್ಮಲ್ಲಿ ಎಂಟು ಬೇ ವೆಲ್ಡಿಂಗ್ ಹೊಗೆ ಇದೆ. ಅದನ್ನು ಹೊರಗೆ ಎಳೆದರೆ ದುಡ್ಡು ಕೊಟ್ಟು ತಣ್ಣಗೆ ಮಾಡಿದ ಗಾಳಿಯೂ ಜೊತೆಗೇ ಹೋಗುತ್ತದೆ, ಎಳೆಯದಿದ್ದರೆ ಹುಡುಗರು ಅದನ್ನೇ ಕುಡಿಯುತ್ತಾರೆ. ಬೆಸ್ಕಾಂನಲ್ಲಿ ಲೋಡ್ ಏರಿಸೋ ಖರ್ಚು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಕೂಲರ್ ಲೆಕ್ಕ ಹೀಗೆ. 60 × 100 × 22 ಅಂದರೆ 1,32,000 ಘನ ಅಡಿ. ಗಂಟೆಗೆ 20 ಸಲ ಗಾಳಿ ಬದಲಾಗಬೇಕು ಅಂತ ಹಿಡಿದರೆ 44,000 ಸಿಎಫ್ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಸುಮಾರು 11,000 ಸಿಎಫ್ಎಂನ ನಾಲ್ಕು ಕೂಲರ್, ಎರಡೂ ಉದ್ದ ಗೋಡೆಯ ಹೊರಗೆ ಎರಡೆರಡು. ನಿಮ್ಮ ಎರಡನೇ ಮನುಷ್ಯ ಹೇಳಿದ್ದು ಸರಿ ಇದೆ. ಬೇಸಿಗೆಯಲ್ಲಿ ನಮ್ಮ ಗಾಳಿ ಒಣ. ಹೊರಗೆ 36 ಡಿಗ್ರಿ, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ) 22 ಇದ್ದ ದಿನ, 80 ಪರ್ಸೆಂಟ್ ಕೆಲಸ ಮಾಡುವ ಪ್ಯಾಡ್ (ನೀರು ಇಳಿಯುವ, ಗಾಳಿ ತೂರಿ ಬರುವ ಜಾಲರಿ) ಇದ್ದರೆ ಸುಮಾರು 25 ಡಿಗ್ರಿ ಗಾಳಿ ಬರುತ್ತದೆ. ಮಳೆಗಾಲದಲ್ಲಿ ಇಷ್ಟು ಇಳಿಯಲ್ಲ, ಆಗ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸಿ.

ಟ್ರಸ್ ಕೆಳಗೆ ಡಕ್ಟ್ ಎಳೆಯೋಣ ಅಂದವನು ನಿಮ್ಮ ಕ್ರೇನ್ ನೋಡಲಿಲ್ಲ ಅಂತ ಕಾಣುತ್ತದೆ. ಅಲ್ಲಿಂದ ಕೆಳಕ್ಕೆ ಡ್ರಾಪ್ ಇಳಿಸಿದರೆ ಕ್ರೇನ್‌ಗೆ ಅಡ್ಡ ಬರುತ್ತದೆ, ಇಳಿಸದಿದ್ದರೆ ತಂಪೆಲ್ಲಾ ಮೇಲೇ ಬಿಸಿಗಾಳಿ ಜೊತೆ ಬೆರೆತು ಹೋಗುತ್ತದೆ. ಡಕ್ಟ್ ಗ್ಯಾಂಟ್ರಿ ಬೀಮ್‌ನ (ಕ್ರೇನ್ ಹಳಿ ಹೊತ್ತ ತೊಲೆ) ಕೆಳಗೆ ಬರಬೇಕು, ನೆಲದಿಂದ 11-12 ಅಡಿ ಎತ್ತರದಲ್ಲಿ, ಕಂಬದ ಸಾಲಿಗೆ ಒತ್ತಿಕೊಂಡು. ಕಂಬದ ಹತ್ತಿರದ ತನಕ ಹುಕ್ ಹೇಗೂ ಬರಲ್ಲ. ಎರಡು ಕಡೆಯಿಂದ ಜೆಟ್ ನಾಜಲ್ ಬಿಟ್ಟರೆ ಒಂದೊಂದು 30 ಅಡಿ ಎಸೆದರೆ ಸಾಕು.

ಅಳತೆ: ಶುರುವಿನಲ್ಲಿ 40 × 24 ಇಂಚು ಕೊಡಿ, 10-11 ಸಾವಿರ ಸಿಎಫ್ಎಂ ನಿಮಿಷಕ್ಕೆ 1500-1650 ಅಡಿ ವೇಗದಲ್ಲಿ ಹೋಗುತ್ತದೆ. ಅರ್ಧ ಗಾಳಿ ನಾಜಲ್‌ಗಳಲ್ಲಿ ಇಳಿದ ಮೇಲೆ 25 × 24ಕ್ಕೆ ಕಿರಿದು ಮಾಡಿ. ಕೊನೆ ತನಕ ಒಂದೇ ಸೈಜ್ ಎಳೆಯುವವರಿದ್ದಾರೆ, ಕಟಿಂಗ್ ಕೆಲಸ ಉಳಿಯಲಿ ಅಂತ. ಜಿಐ (ಜಿಂಕ್ ಲೇಪದ) ಶೀಟ್ 750 ಮಿ.ಮೀ. ಅಗಲದ ತನಕ 0.63 ಮಿ.ಮೀ., ಅದಕ್ಕಿಂತ ಜಾಸ್ತಿ ಇದ್ದರೆ 0.8. ಬೆಂಡ್ ಚೌಕವಾಗಿ ತಿರುಗಿಸಬೇಡಿ, ತಿರುಗಿಸಲೇಬೇಕಾದ್ರೆ ಒಳಗೆ ವೇನ್ (ಗಾಳಿ ತಿರುಗಿಸುವ ಬಾಗಿದ ಪಟ್ಟಿ) ಹಾಕಿಸಿ. ಇನ್ನೊಂದು, ಕೂಲರ್‌ನಲ್ಲಿ ಆಕ್ಸಿಯಲ್ ಫ್ಯಾನ್ ಇದ್ದರೆ ಉದ್ದ ಡಕ್ಟಿನಲ್ಲಿ ಗಾಳಿ ತಳ್ಳೋಕೆ ಅದಕ್ಕೆ ತಾಕತ್ತಿಲ್ಲ, ಬ್ಲೋವರ್ ಇರುವುದನ್ನೇ ಕೇಳಿ.

ಒಳಗೆ ಬಂದ 44,000 ಹೊರಗೂ ಹೋಗಬೇಕು ಅಲ್ವಾ? 500 ಸಿಎಫ್ಎಂಗೆ ಒಂದು ಚದರಡಿ ಹಿಡಿದರೂ ಸುಮಾರು 88 ಚದರಡಿ ಬಾಯಿ ಬೇಕು. ಛಾವಣಿ ಮೇಲೆ ತಿರುಗುವ ನಾಲ್ಕು ಟರ್ಬೊ ವೆಂಟಿಲೇಟರ್‌ನಿಂದ ಅದು ಆಗದ ಮಾತು. ಶೆಡ್ ನೆತ್ತಿಯ ಉದ್ದಕ್ಕೂ ರಿಡ್ಜ್ ವೆಂಟ್ ಮಾಡಿಸಿ.

ಗೌರಿಬಿದನೂರು_ಫ್ಯಾಬ್:

ಮೇಸ್ತ್ರಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾಜಲ್‌ಗಳನ್ನು ವೆಲ್ಡರ್ ಮುಖಕ್ಕೆ ನೇರ ತಿರುಗಿಸಬೇಡಿ. ಆರ್ಕ್ ಹತ್ತಿರ ಗಾಳಿ ಗಂಟೆಗೆ 8 ಕಿ.ಮೀ. ದಾಟಿದರೆ ಬೆಸುಗೆ ಕಾಯುವ ಮಿಗ್‌ನ ಶೀಲ್ಡಿಂಗ್ ಗ್ಯಾಸ್ ಹಾರಿಹೋಗುತ್ತದೆ, ಬೆಸುಗೆ ತುಂಬಾ ಪೋರೋಸಿಟಿ, ಅಂದರೆ ಸಣ್ಣ ಸಣ್ಣ ತೂತು. ನಮ್ಮಲ್ಲಿ ಕೂಲರ್ ಹಾಕಿದ ಮೇಲೆ ಹುಡುಗರು ಗ್ಯಾಸ್ ಫ್ಲೋ ಏರಿಸುತ್ತಾ ಹೋದರು, ಸಿಲಿಂಡರ್ ಖಾಲಿ ಆಗೋದು ನೋಡಿ ಓನರ್‌ಗೆ ಬಿಸಿ ಮುಟ್ಟಿತು. ಗಾಳಿ ವೆಲ್ಡರ್ ಬೆನ್ನಿನ ಓರೆಯಿಂದ ಮೆತ್ತಗೆ ಬರಲಿ, ಬೇ ನಡುವೆ ಎದೆ ಎತ್ತರದ ಸ್ಕ್ರೀನ್ ಇರಲಿ.

ಹೊಗೆಗೆ ಕೂಲರ್ ಸಾಲಲ್ಲ. ಪ್ರತಿ ವೆಲ್ಡಿಂಗ್ ಬೇಯಲ್ಲೂ ತೋಳಿನಂತೆ ಬಗ್ಗುವ ಎಕ್ಸ್‌ಟ್ರಾಕ್ಷನ್ ಹುಡ್ ಬೇಕು, ಅದರ ಡಕ್ಟೇ ಬೇರೆ, ಫ್ಯಾನೇ ಬೇರೆ. ಜಿಐ ಪೈಪ್ ವೆಲ್ಡ್ ಮಾಡುವವರು ಸಂಜೆ ಜ್ವರ ಅಂತ ಮಲಗುತ್ತಾರಲ್ಲ, ಅದು ಜಿಂಕ್ ಹೊಗೆಯ ಕೆಲಸ. ಹೊಗೆ, ಧೂಳು ಹುಟ್ಟುವ ಕಡೆಯೇ ಎಳೆದು ಹೊರಗೆ ಹಾಕಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲೇ ಇತ್ತು (2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು). ಗ್ರೈಂಡಿಂಗ್ ಮೂಲೆಯನ್ನು ಈ ಹೊಗೆ ಡಕ್ಟಿಗೂ ಜೋಡಿಸಬೇಡಿ. ಕಿಡಿ ಒಳಗೆ ಹೋಗಿ ಫಿಲ್ಟರ್‌ಗೆ ಬೆಂಕಿ ಹತ್ತುತ್ತದೆ. ಕೂಲರ್ ಪ್ಯಾಡ್ ಕೂಡ ಕಾಗದದ್ದೇ, ಅದರ ಹತ್ತಿರ ಹೊರಗಡೆ ನಿಂತು ಗ್ಯಾಸ್ ಕಟಿಂಗ್ ಮಾಡೋದನ್ನೂ ನಿಲ್ಲಿಸಿ.

ಮಾಲೂರು_ಟೂಲ್‌ರೂಮ್:

ಮೇಸ್ತ್ರಿಯವರ ಜೊತೆ ಒಂದು ವಿಷಯಕ್ಕೆ ನನ್ನ ತಕರಾರಿದೆ. ಇಡೀ ಶೆಡ್‌ಗೆ ಕೂಲರ್ ಅಂದರೆ ಸಿಎನ್‌ಸಿ ಕಡೆಯವರು ಅಳಬೇಕಾಗುತ್ತದೆ. ತೇವದ ಗಾಳಿ ದಿನವಿಡೀ ಹೊಡೆದರೆ ಮೆಷಿನ್ ಮಾಡಿದ ಜಾಬ್ (ತಯಾರಾದ ಲೋಹದ ತುಂಡು) ಮೇಲೆ ಬೆಳಗ್ಗೆ ಬರುವಷ್ಟರಲ್ಲಿ ತುಕ್ಕಿನ ಚುಕ್ಕೆ. ಅಳತೆಯ ಕತೆಯೂ ಇದೆ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ, ಅಳತೆಗೆ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ಬೆಳಗ್ಗೆ 22ರಲ್ಲಿ ಸೆಟ್ ಮಾಡಿ ಮಧ್ಯಾಹ್ನ 34ರಲ್ಲಿ ಚೆಕ್ ಮಾಡಿದರೆ ಉದ್ದ ಜಾಬ್ ರಿಜೆಕ್ಟ್ ಆಗದೆ ಇನ್ನೇನಾಗುತ್ತದೆ? ಆ ಎರಡು ಮೆಷಿನ್ ಸುತ್ತ ಪಫ್ ಪ್ಯಾನೆಲ್ (ನಡುವೆ ಫೋಮ್ ತುಂಬಿದ ಶೀಟ್) ಗೋಡೆ, ಹತ್ತಡಿ ಎತ್ತರದಲ್ಲಿ ಸೀಲಿಂಗ್, ಚಿಕ್ಕ ಎಸಿ. ಆ ಕಂಟ್ರಾಕ್ಟರ್‌ಗೆ ಅಷ್ಟು ಕೆಲಸ ಕೊಡಿ ಸಾಕು.

ಡಕ್ಟ್_ಮೇಸ್ತ್ರಿ:

ಒಪ್ಪಿದೆ ಸರ್, ಮೆಷಿನ್ ಕೋಣೆ ಬೇರೆ ಮಾಡೋದೇ ಸರಿ. ಅದರ ಜಾಗ ಕಳೆದರೆ ಕೂಲರ್ ಮೇಲಿನ ಲೋಡೂ ಸ್ವಲ್ಪ ಇಳಿಯುತ್ತದೆ.

ಕಬ್ಬಿಣದ_ಕೆಲಸ:

ಬಹಳ ಉಪಕಾರ ಆಯಿತು. ಕ್ರೇನ್ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಶೀಟ್‌ಗೆ ಪೇಂಟ್ ಮತ್ತು ರಿಡ್ಜ್ ವೆಂಟ್ ಈ ಮಳೆ ಮುಗಿದ ಕೂಡಲೇ ಮಾಡಿಸುತ್ತೇನೆ. ಆದರೆ ನೀರು? ನಮ್ಮದು ಬೋರ್‌ವೆಲ್, ಬಕೆಟ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅಷ್ಟು ಗಡಸು. ನಾಲ್ಕು ಕೂಲರ್ ಎಷ್ಟು ಕುಡಿಯುತ್ತವೆ?

ಡಕ್ಟ್_ಮೇಸ್ತ್ರಿ:

ಉರಿಬಿಸಿಲಿನಲ್ಲಿ ಒಂದೊಂದು ಗಂಟೆಗೆ 90 ಲೀಟರ್ ಹತ್ತಿರ ಆವಿ ಮಾಡುತ್ತದೆ. ಎಂಟು ಗಂಟೆಗೆ ನಾಲ್ಕೂ ಸೇರಿ 3000 ಲೀಟರ್ ಅಂತ ಇಟ್ಟುಕೊಳ್ಳಿ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ತೊಟ್ಟಿಯಲ್ಲೇ ಉಳಿದು ಗಟ್ಟಿಯಾಗುತ್ತಾ ಹೋಗುತ್ತದೆ, ಅದಕ್ಕೇ ಸ್ವಲ್ಪ ನೀರು ಸದಾ ಹೊರಗೆ ಬಿಡುತ್ತಿರಬೇಕು. ನಿಮ್ಮ ಗಡಸಿಗೆ ಅದು ಸಾವಿರ ಲೀಟರ್ ಮೀರಬಹುದು. ಛಾವಣಿಯ ಮಳೆ ನೀರನ್ನು ನೆಲದೊಳಗಿನ ಸಂಪ್ ತೊಟ್ಟಿಯಲ್ಲಿ ಹಿಡಿದು ಬೋರ್ ನೀರಿಗೆ ಬೆರೆಸಿದರೆ ಪ್ಯಾಡ್ ಜಾಸ್ತಿ ದಿನ ಬಾಳುತ್ತದೆ, ಆದರೆ ಪೇಂಟ್ ಹೊಡೆದ ಮೇಲೆ ಬೀಳುವ ಮೊದಲ ಮಳೆಯ ನೀರು ಹಿಡಿಯಬೇಡಿ. ಸಂಜೆ ಪಂಪ್ ಮೊದಲು ಆಫ್ ಮಾಡಿ, ಫ್ಯಾನ್ ಇನ್ನೊಂದು ಇಪ್ಪತ್ತು ನಿಮಿಷ ಓಡಲಿ, ಪ್ಯಾಡ್ ಒಣಗಿದರೆ ಪಾಚಿ ವಾಸನೆ ಬರಲ್ಲ. ಶೆಡ್‌ನ ಕಾಲಂ ಡ್ರಾಯಿಂಗ್ ಇದ್ದರೆ ಇಲ್ಲೇ ಹಾಕಿ, ಗ್ಯಾಂಟ್ರಿ ಎಷ್ಟು ಎತ್ತರ ಅಂತ ಗುರುತು ಮಾಡಿ. ನಾಜಲ್ ಎಲ್ಲೆಲ್ಲಿ ಬರಬೇಕು ಅಂತ ನೋಡಿ ಹೇಳುತ್ತೇನೆ.